ಕಪ್ಪುಕುಳಿಯ ಬೋಳುತನ ಎಷ್ಟು ಸ್ಥಿರ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ‘ಕಪ್ಪುಕುಳಿಗೂ ಕೂದಲು: ಐನ್‌ಸ್ಟೈನ್ ಸಿದ್ಧಾಂತ ಸುಳ್ಳು’ ಎಂಬ ತಲೆಬರಹದೊಂದಿಗೆ ಪ್ರಕಟವಾದ ಲೇಖನದ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಬಲವಾದ ಗುರುತ್ವವಿರುವ ವಸ್ತುವೇ ಕಪ್ಪುಕುಳಿ. ಒಂದು ಕಪ್ಪುಕುಳಿಯನ್ನು ಇನ್ನೊಂದರಿಂದ ಬೇರೆಯೆಂದು ತೋರಿಸುವ ಹೆಚ್ಚಿನ ಗುರುತಿಗೆ ‘ಕೂದಲು’ ಎನ್ನುತ್ತಾರೆ. ಇಂಥ ವಿಷಯಕ್ಕೆ ಕನ್ನಡದ ದಿನಪತ್ರಿಕೆಯೊಂದು ಅರ್ಧ ಪುಟ ಮೀಸಲಿಟ್ಟದ್ದು, ಮೂವತ್ತು ವರ್ಷ ಪದವಿಪೂರ್ವ ತರಗತಿಗಳಿಗೆ ಭೌತವಿಜ್ಞಾನ ಪಾಠ ಹೇಳಿ ನಿವೃತ್ತಳಾದ ನನಗೆ ನಿಜಕ್ಕೂ ಸಂತೋಷ ತಂದಿತು. ಆದರೆ ಲೇಖನದ ತಲೆಬರಹ, ಅದರ ನಡುವೆ ಮತ್ತೆ ಮತ್ತೆ ಬಂದ ಒಂದು ಪದ ಮತ್ತು ಅದರೊಂದಿಗೆ ಅಚ್ಚಾದ ಚಿತ್ರ, ಈ ಮೂರೂ ಓದುಗರನ್ನು ದಾರಿ ತಪ್ಪಿಸುವಂತಿವೆ.

ಹನುಮಂತನಗರದ ನಮ್ಮ ಮನೆಯ ವರಾಂಡದಲ್ಲಿ ಭಾನುವಾರ ಬೆಳಿಗ್ಗೆ ಆರೇಳು ಮಕ್ಕಳು ಲೆಕ್ಕ ಮತ್ತು ಭೌತವಿಜ್ಞಾನ ಹೇಳಿಸಿಕೊಳ್ಳಲು ಬರುತ್ತಾರೆ. ಅವರಲ್ಲಿ ದ್ವಿತೀಯ ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ಆ ಪುಟವನ್ನು ಕತ್ತರಿಸಿ ತಂದಿದ್ದಳು. ‘ಮೇಡಂ, ಐನ್‌ಸ್ಟೈನ್ ಹೇಳಿದ್ದು ಸುಳ್ಳು ಅಂತ ಇದರಲ್ಲಿದೆ. ಹಾಗಾದ್ರೆ ಕಪ್ಪುಕುಳಿ ಇದೆ ಅನ್ನೋದನ್ನೂ ನಂಬಬಾರದಾ?’ ಎಂದು ಕೇಳಿದಳು. ಓದಿ ಅರ್ಥಮಾಡಿಕೊಳ್ಳಬೇಕೆಂಬ ಆಸೆಯಿಂದ ಕತ್ತರಿ ಹಿಡಿದು ಕೂತ ಮಗುವಿಗೆ ಒಂದು ತಲೆಬರಹ ಇಷ್ಟು ಗೊಂದಲ ಉಂಟುಮಾಡಬಾರದು ಎನ್ನಿಸಿತು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದದ ವಿಚಾರ. ಲೇಖನದಲ್ಲಿ ‘ಅಳತೆ ಕ್ಷೇತ್ರ’ ಎಂದು ಬಂದಿರುವುದು ‘ಅದಿಶ ಕ್ಷೇತ್ರ’ ಎಂದಾಗಬೇಕಿತ್ತು. ಸ್ಕೇಲಾರ್ ಎಂಬ ಮಾತನ್ನು ಸ್ಕೇಲು, ಅಂದರೆ ಅಳತೆಪಟ್ಟಿ ಎಂದು ತಿಳಿದು ಅನುವಾದಿಸಿದಂತೆ ಕಾಣುತ್ತದೆ. ಅದಿಶ ಎಂಬ ಪದ ನಮ್ಮ ಪಠ್ಯಪುಸ್ತಕಗಳಲ್ಲಿ ಎಂದಿನಿಂದಲೂ ಇದೆ. ಇದೇ ಹೊತ್ತಿನಲ್ಲಿ ಹೆಬ್ಬಾಳದಲ್ಲಿ ಎಷ್ಟು ಡಿಗ್ರಿ ಸೆಕೆ, ಜಯನಗರದಲ್ಲಿ ಎಷ್ಟು, ಯಲಹಂಕದಲ್ಲಿ ಎಷ್ಟು ಎಂದು ಊರಿನ ಪ್ರತಿ ಬಿಂದುವಿಗೂ ಒಂದೊಂದು ಸಂಖ್ಯೆ ಬರೆದಿಟ್ಟರೆ ಅದೊಂದು ಅದಿಶ ಕ್ಷೇತ್ರ. ಆ ಸಂಖ್ಯೆಗೆ ದಿಕ್ಕಿಲ್ಲ. ಗಾಳಿ ಯಾವ ಕಡೆಗೆ ಎಷ್ಟು ಬೀಸುತ್ತಿದೆ ಎಂದು ಬರೆಯಹೊರಟರೆ ದಿಕ್ಕೂ ಬೇಕು, ಆಗ ಅದು ಸದಿಶ ಕ್ಷೇತ್ರ. ನಿಸರ್ಗದ ಮೂಲಕ್ಷೇತ್ರಗಳಲ್ಲಿ ಅದಿಶವಾದದ್ದು ಒಂದಾದರೂ ಇದೆ ಎಂಬುದಕ್ಕೆ 2012ರಲ್ಲಿ ಸರ್ನ್ ಪ್ರಯೋಗಾಲಯದಲ್ಲಿ ಕಂಡ ಹಿಗ್ಸ್ ಕಣವೇ ಸಾಕ್ಷಿ. ಹಿಗ್ಸ್‌ನದಲ್ಲದ, ಗುರುತ್ವದೊಂದಿಗೇ ಹೆಣೆದುಕೊಂಡ ಇನ್ನೊಂದು ಅದಿಶ ಕ್ಷೇತ್ರ ಇರಬಹುದೇ ಎಂಬುದು ಇಲ್ಲಿರುವ ಪ್ರಶ್ನೆ.

ಐನ್‌ಸ್ಟೈನ್ 1915ರಲ್ಲಿ ಕೊಟ್ಟ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಲ್ಲಿ ಕಪ್ಪುಕುಳಿ ಬಹಳ ಸರಳವಾದ ವಸ್ತು. ಯಾವ ನಕ್ಷತ್ರ ಕುಸಿದು ಅದಾಯಿತು, ಅದರೊಳಗೆ ಕಬ್ಬಿಣವಿತ್ತೋ ಹೀಲಿಯಂ ಇತ್ತೋ, ಕುಸಿಯುವಾಗ ಉಬ್ಬುತಗ್ಗುಗಳಿದ್ದವೋ ಎಂಬ ಯಾವ ಗುರುತೂ ಹೊರಗೆ ಉಳಿಯುವುದಿಲ್ಲ. ದ್ರವ್ಯರಾಶಿ, ಗಿರಕಿ, ವಿದ್ಯುದಾವೇಶ ಎಂಬ ಮೂರು ಸಂಖ್ಯೆಗಳನ್ನು ಹೇಳಿದರೆ ಅದರ ಹೊರಗಿನ ದೇಶಕಾಲವನ್ನೆಲ್ಲ, ಅಂದರೆ ಸ್ಥಳ ಮತ್ತು ಕಾಲಗಳ ಹೆಣಿಗೆಯನ್ನೆಲ್ಲ, ಹೇಳಿದಂತೆಯೇ. ಶ್ವಾರ್ಜ್‌ಶೀಲ್ಡ್ 1916ರಲ್ಲಿ ಗಿರಕಿಯಿಲ್ಲದ ಕಪ್ಪುಕುಳಿಯನ್ನೂ, ರಾಯ್ ಕೆರ್ 1963ರಲ್ಲಿ ಗಿರಕಿ ಹೊಡೆಯುವ ಕಪ್ಪುಕುಳಿಯನ್ನೂ ವಿವರಿಸುವ ಸೂತ್ರ ಕೊಟ್ಟರು. 1967ರಿಂದ 1975ರವರೆಗೆ ಇಸ್ರೇಲ್, ಕಾರ್ಟರ್, ರಾಬಿನ್ಸನ್ ಮೊದಲಾದವರು ಇವನ್ನು ಬಿಟ್ಟು ಬೇರೆ ಬಗೆ ಸಾಧ್ಯವಿಲ್ಲವೆಂಬುದನ್ನು ಹಂತಹಂತವಾಗಿ ಸಾಧಿಸಿದರು. ಜಾನ್ ವೀಲರ್ ಅದನ್ನೇ ‘ಕಪ್ಪುಕುಳಿಗೆ ಕೂದಲಿಲ್ಲ’ ಎಂಬ ಮಾತಾಗಿ ಬಳಕೆಗೆ ತಂದರು. ಬೋಳುತಲೆಗಳ ಸಾಲಿನಲ್ಲಿ ಒಬ್ಬರಿಂದೊಬ್ಬರನ್ನು ಗುರುತಿಸುವುದು ಹೇಗೆ ಕಷ್ಟವೋ ಹಾಗೆ. ಲೇಖನದಲ್ಲಿ ಬಂದ ‘ಕೂದಲು’ ಎಂದರೆ ಈ ಮೂರು ಸಂಖ್ಯೆಗಳಾಚೆಗಿನ ಯಾವುದೇ ಗುರುತು ಎಂದಷ್ಟೇ ಅರ್ಥ.

ಹಾಗಿದ್ದರೆ ಅದಿಶ ಕ್ಷೇತ್ರ ಸೇರಿದ ಸಿದ್ಧಾಂತಗಳಲ್ಲಿ ಕಪ್ಪುಕುಳಿಗೆ ಕೂದಲು ಬರಲೇಬೇಕಲ್ಲವೇ? ಬರಬೇಕಾಗಿಲ್ಲ, ತಲೆಬರಹ ಬರೆದವರು ಮರೆತದ್ದು ಇದನ್ನೇ. ಬ್ರಾನ್ಸ್ ಮತ್ತು ಡಿಕಿ 1961ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ ಗುರುತ್ವದ ಜೊತೆ ಅದಿಶ ಕ್ಷೇತ್ರವೂ ಕೆಲಸ ಮಾಡುತ್ತದೆ. ಆದರೂ ಆ ಸಿದ್ಧಾಂತದಲ್ಲಿ ಪೂರ್ತಿ ಶಾಂತವಾದ ಕಪ್ಪುಕುಳಿ ಐನ್‌ಸ್ಟೈನ್‌ರ ಕಪ್ಪುಕುಳಿಯೇ ಆಗಿರುತ್ತದೆಂದು ಹಾಕಿಂಗ್ 1972ರಲ್ಲಿ ತೋರಿಸಿದರು. ಕಾರಣ ಸರಳ. ಅಲ್ಲಿ ಅದಿಶ ಕ್ಷೇತ್ರಕ್ಕೆ ಮೂಲ ಒದಗಿಸುವುದು ದ್ರವ್ಯ. ಕಪ್ಪುಕುಳಿಯ ಹೊರಗೆ ದ್ರವ್ಯವಿಲ್ಲ, ಬರೀ ಶೂನ್ಯ. ಬಾವಿಗೆ ಸೆಲೆಯೇ ಇಲ್ಲದಿದ್ದರೆ ನೀರೆಲ್ಲಿಂದ ಬರಬೇಕು?

ನ್ಯೂಟ್ರಾನ್ ನಕ್ಷತ್ರದಲ್ಲಿ ಹಾಗಲ್ಲ, ಅದರೊಳಗೆ ಒತ್ತೊತ್ತಾದ ದ್ರವ್ಯವಿದೆ. ಸೂಕ್ತವಾಗಿ ಆರಿಸಿದ ಅದಿಶ ಸಿದ್ಧಾಂತದಲ್ಲಿ, ನಕ್ಷತ್ರ ಒಂದು ಮಿತಿಗಿಂತ ಹೆಚ್ಚು ಒತ್ತಾದರೆ, ಅದುವರೆಗೆ ಸೊನ್ನೆಯಾಗಿದ್ದ ಅದಿಶ ಕ್ಷೇತ್ರ ತಾನಾಗಿ ಬೆಳೆದು ನಿಲ್ಲುತ್ತದೆ ಎಂದು 1993ರಲ್ಲಿ ದಮೂರ್ ಮತ್ತು ಎಸ್ಪೊಸಿಟೊ-ಫರೇಸ್ ತೋರಿಸಿದರು. ಇದಕ್ಕೆ ‘ಸ್ವಯಂ ಅದಿಶೀಕರಣ’ ಎನ್ನಬಹುದು. ಸಂಗಾತಿ ನಕ್ಷತ್ರದೊಂದಿಗೆ ಸುತ್ತುತ್ತಾ ರೇಡಿಯೊ ಮಿಡಿತ ಸೂಸುವ ನ್ಯೂಟ್ರಾನ್ ನಕ್ಷತ್ರವನ್ನು, ಅಂದರೆ ಜೋಡಿ ಪಲ್ಸಾರ್ ಒಂದನ್ನು ಕಂಡುಹಿಡಿದದ್ದಕ್ಕಾಗಿ ಹಲ್ಸ್ ಮತ್ತು ಟೇಲರ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದೂ ಅದೇ ವರ್ಷ. ಅಂಥ ಪಲ್ಸಾರ್‌ಗಳ ಕಕ್ಷೆ ವರ್ಷವರ್ಷಕ್ಕೆ ಎಷ್ಟು ಕುಗ್ಗುತ್ತದೆಂಬ ಅಳತೆಯೇ ಮುಂದೆ ದಮೂರ್ ಜೋಡಿಯ ಸಿದ್ಧಾಂತವನ್ನು ಬಹುಪಾಲು ಮೂಲೆಗೆ ಒತ್ತಿತು.

ಕಪ್ಪುಕುಳಿಯ ಸರದಿ ಬಂದದ್ದು 2018ರಲ್ಲಿ. ದ್ರವ್ಯವಿಲ್ಲದ ಜಾಗದಲ್ಲಿ ಅದಿಶ ಕ್ಷೇತ್ರಕ್ಕೆ ಸೆಲೆಯಾಗಬಲ್ಲದ್ದು ಒಂದೇ ಒಂದಿದೆ, ಅದು ದೇಶಕಾಲದ ವಕ್ರತೆ, ಅಂದರೆ ಐನ್‌ಸ್ಟೈನ್ ಗುರುತ್ವವೆಂದು ಗುರುತಿಸಿದ ಬಾಗು. ವಕ್ರತೆಯನ್ನು ಅಳೆಯುವ ರೀತಿಗಳು ಹಲವು. ಅವುಗಳಲ್ಲಿ ಕೆಲವು ಶೂನ್ಯದಲ್ಲಿ ಸೊನ್ನೆಯಾಗಿಬಿಡುತ್ತವೆ. ಆದರೆ ಗಾಸ್-ಬಾನೆ ಎಂದು ಕರೆಯುವ, ಅಂಥ ಅಳತೆಗಳನ್ನು ಬೆರೆಸಿದ ಒಂದು ಕೂಟ ಕಪ್ಪುಕುಳಿಯ ಸುತ್ತಲಿನ ಶೂನ್ಯದಲ್ಲೂ ಸೊನ್ನೆಯಾಗುವುದಿಲ್ಲ. ಅದೊಂದನ್ನೇ ಐನ್‌ಸ್ಟೈನ್ ಸಿದ್ಧಾಂತಕ್ಕೆ ಸೇರಿಸಿದರೆ ನಮ್ಮ ನಾಲ್ಕು ಆಯಾಮಗಳ ಜಗತ್ತಿನಲ್ಲಿ ಸಮೀಕರಣಗಳು ಒಂದಿಷ್ಟೂ ಬದಲಾಗುವುದಿಲ್ಲ. ಅದಿಶ ಕ್ಷೇತ್ರದೊಂದಿಗೆ ಗುಣಿಸಿ ಸೇರಿಸಿದಾಗ ಬದಲಾಗುತ್ತವೆ. ಈ ಬೆಸುಗೆಯ ಕೆಲವು ರೂಪಗಳಲ್ಲಿ ಪ್ರತಿ ಕಪ್ಪುಕುಳಿಗೂ ಕೂದಲು ತಪ್ಪಿದ್ದಲ್ಲ ಎಂಬುದು ಮೊದಲೇ ಗೊತ್ತಿತ್ತು. ಸ್ಟ್ರಿಂಗ್ ಸಿದ್ಧಾಂತದಿಂದ ಹೊಮ್ಮಿದ ಅಂಥದೊಂದು ರೂಪವನ್ನು ಕಾಂಟಿ ಮತ್ತು ಸಂಗಡಿಗರು 1996ರಲ್ಲೇ ಪರಿಶೀಲಿಸಿದ್ದರು. ಡೊನೆವಾ ಮತ್ತು ಯಾಜಾಜಿಯೆವ್ ಒಂದು ಕಡೆ, ಸಿಲ್ವಾ, ಸೊಟಿರಿಯು, ಬೆರ್ಟಿ ಮೊದಲಾದವರು ಇನ್ನೊಂದು ಕಡೆ, 2018ರಲ್ಲಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯಲ್ಲಿ ಬೆನ್ನುಬೆನ್ನಿಗೆ ಪ್ರಕಟಿಸಿದ್ದು ಇದಕ್ಕಿಂತ ಸೂಕ್ಷ್ಮವಾದ ಸಂಗತಿ: ಬೆಸುಗೆಯನ್ನು ಇನ್ನೊಂದು ರೀತಿಯಲ್ಲಿ ಆರಿಸಿದರೆ, ಐನ್‌ಸ್ಟೈನ್‌ರ ಬೋಳು ಕಪ್ಪುಕುಳಿ ಆ ಸಿದ್ಧಾಂತದಲ್ಲೂ ಸಮೀಕರಣಗಳ ಪರಿಹಾರವಾಗಿಯೇ ಉಳಿಯುತ್ತದೆ, ಆದರೆ ಕೆಲವು ಕಪ್ಪುಕುಳಿಗಳಲ್ಲಿ ಆ ಬೋಳುತನ ಸ್ಥಿರವಾಗಿರುವುದಿಲ್ಲ.

ಇದನ್ನು ಆ ಹುಡುಗಿಗೆ ತೋರಿಸಲು ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಕಿತ್ತುಕೊಂಡೆ. ಒಂದು ಗೇಣಿನಷ್ಟು ಮುರಿದು, ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲ್ತುದಿಯ ಮೇಲೆ ಅವಳ ಅಂಗೈ ಇಡಿಸಿದೆ. ಮೆಲ್ಲಗೆ ಒತ್ತಿದಾಗ ಕಡ್ಡಿ ನೆಟ್ಟಗೇ ಇತ್ತು. ಇನ್ನೊಂದು ಕೈಯ ಬೆರಳಿನಿಂದ ನಡುವೆ ತಟ್ಟಿದರೆ ಒಂದು ಸಲ ಅಲುಗಿ ಮತ್ತೆ ನೆಟ್ಟಗಾಗುತ್ತಿತ್ತು. ಒತ್ತಡ ಹೆಚ್ಚಿಸುತ್ತಾ ಹೋದಳು. ಒಂದು ಹಂತ ದಾಟಿದ್ದೇ ತಡ, ಯಾರೂ ತಟ್ಟದೆಯೇ ಕಡ್ಡಿ ಬಿಲ್ಲಿನಂತೆ ಬಾಗಿತು. ಆ ಹಂತ ಎಲ್ಲಿ ಬರುತ್ತದೆಂಬ ಲೆಕ್ಕವನ್ನು ಹದಿನೆಂಟನೆಯ ಶತಮಾನದಲ್ಲೇ ಆಯ್ಲರ್ ಹಾಕಿಕೊಟ್ಟಿದ್ದಾನೆ. ಗಮನಿಸಬೇಕಾದದ್ದು ಏನೆಂದರೆ, ಆ ಹಂತದ ಆಚೆಗೂ ‘ನೆಟ್ಟಗಿರುವುದು’ ಲೆಕ್ಕದ ಪ್ರಕಾರ ಒಪ್ಪಿತವಾದ ಸ್ಥಿತಿಯೇ. ಆದರೆ ನೊಣದ ರೆಕ್ಕೆಯ ಗಾಳಿ ತಾಗಿದರೂ ಕಡ್ಡಿ ಅದನ್ನು ಬಿಟ್ಟು ಬಾಗಿದ ಸ್ಥಿತಿಗೆ ಜಾರುತ್ತದೆ. ನೆಟ್ಟನೆಯ ಕಡ್ಡಿಯ ಜಾಗದಲ್ಲಿ ಬೋಳು ಕಪ್ಪುಕುಳಿಯನ್ನೂ, ಅಂಗೈ ಒತ್ತಡದ ಜಾಗದಲ್ಲಿ ವಕ್ರತೆಯನ್ನೂ, ಬಾಗಿದ ಕಡ್ಡಿಯ ಜಾಗದಲ್ಲಿ ಅದಿಶ ಕ್ಷೇತ್ರ ಬೆಳೆಸಿಕೊಂಡ ಕಪ್ಪುಕುಳಿಯನ್ನೂ ಇಟ್ಟು ನೋಡಿದರೆ ವಿಷಯದ ತಿರುಳು ಕೈಗೆ ಸಿಗುತ್ತದೆ. ಕಡ್ಡಿ ಎಡಕ್ಕೆ ಬಾಗುತ್ತದೋ ಬಲಕ್ಕೋ ಎಂದು ಹುಡುಗಿ ಕೇಳಿದಳು. ಮೇಲೆ ಹೇಳಿದ ಸಿದ್ಧಾಂತಗಳಲ್ಲೂ ಅದಿಶ ಕ್ಷೇತ್ರ ಧನವಾಗಿಯೂ ಬೆಳೆಯಬಹುದು, ಋಣವಾಗಿಯೂ ಬೆಳೆಯಬಹುದು. ಎರಡಕ್ಕೂ ಸಮಾನ ಅವಕಾಶ, ಮೊದಲ ಚಿಕ್ಕ ಅಲುಗಾಟವೇ ಅದನ್ನು ನಿರ್ಧರಿಸುತ್ತದೆ.

ಬೋಳು ಕಪ್ಪುಕುಳಿಯನ್ನು ತಟ್ಟಿದರೆ ಏನಾಗುತ್ತದೆ ಎಂಬ ಪ್ರಶ್ನೆ ಬೆಂಗಳೂರಿಗೆ ಹೊಸದಲ್ಲ. ಇದೇ ಊರಿನಲ್ಲಿ 1938ರಲ್ಲಿ ಹುಟ್ಟಿ, ಮುಂದೆ ಜವಾಹರಲಾಲ್ ನೆಹರು ತಾರಾಲಯವನ್ನು ಅದರ ಮೊದಲ ನಿರ್ದೇಶಕರಾಗಿ ಕಟ್ಟಿ ಬೆಳೆಸಿದ ಸಿ. ವಿ. ವಿಶ್ವೇಶ್ವರ ಅವರು, ಅಮೆರಿಕದಲ್ಲಿ ಸಂಶೋಧನೆಯಲ್ಲಿದ್ದಾಗ, ಶ್ವಾರ್ಜ್‌ಶೀಲ್ಡ್ ಕಪ್ಪುಕುಳಿಯ ಸ್ಥಿರತೆಯನ್ನು ಪರೀಕ್ಷಿಸಿದ ಪ್ರಬಂಧವನ್ನು 1970ರಲ್ಲಿ ಪ್ರಕಟಿಸಿದರು. ಐನ್‌ಸ್ಟೈನ್ ಸಿದ್ಧಾಂತದೊಳಗೆ ಆ ಕಡ್ಡಿ ಬಾಗುವುದಿಲ್ಲವೆಂಬುದು ಅವರ ಲೆಕ್ಕದಿಂದ ತಿಳಿಯಿತು. ಅದೇ ವರ್ಷದ ಇನ್ನೊಂದು ಪ್ರಬಂಧದಲ್ಲಿ, ತಟ್ಟಿದ ಕಪ್ಪುಕುಳಿ ಗಂಟೆಯಂತೆ ಕೆಲ ಹೊತ್ತು ಮಿಡಿದು, ಆ ಮಿಡಿತ ಬೇಗ ಕುಗ್ಗಿ ಶಾಂತವಾಗುತ್ತದೆಂಬುದನ್ನೂ ತೋರಿಸಿದರು. 2018ರ ಸಂಶೋಧಕರು ಕೇಳಿದ್ದೂ ಅವರು ಕೇಳಿದ ಪ್ರಶ್ನೆಯನ್ನೇ. ನಡುವೆ ಅದಿಶ ಕ್ಷೇತ್ರವೊಂದು ಸೇರಿಕೊಂಡಿದ್ದರಿಂದ ಉತ್ತರ ಬೇರೆಯಾಯಿತು. ತಾರಾಲಯದಲ್ಲಿ ಅವರ ಉಪನ್ಯಾಸ ಕೇಳಿ ಬೆಳೆದ ಊರಿನವರು ನಾವು. ಇಂಥ ಲೇಖನದಲ್ಲಿ ಅವರ ಹೆಸರು ಒಂದು ಸಲವೂ ಬಾರದಿದ್ದದ್ದು ನನಗೆ ಬೇಸರ ತಂದಿತು.

ಚಿತ್ರದ ವಿಚಾರಕ್ಕೆ ಬರುತ್ತೇನೆ. ಲೇಖನದೊಂದಿಗೆ ಅಚ್ಚಾದದ್ದು 2019ರ ಏಪ್ರಿಲ್ 10ರಂದು ಬಿಡುಗಡೆಯಾದ ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಚಿತ್ರ. ಅದರ ಕೆಳಗೆ ‘ಕೂದಲಿರಬಹುದಾದ ಕಪ್ಪುಕುಳಿ’ ಎಂದಿತ್ತು. ಆ ಕಪ್ಪುಕುಳಿ ಸುಮಾರು 650 ಕೋಟಿ ಸೂರ್ಯರಷ್ಟು ತೂಕದ್ದು. ದೊಡ್ಡದಾದಷ್ಟೂ ಗುರುತ್ವದ ವಿಚಿತ್ರಗಳು ಹೆಚ್ಚು ಎಂದು ಯಾರಿಗಾದರೂ ಅನ್ನಿಸುವುದು ಸಹಜ, ಆದರೆ ಘಟನಾ ದಿಗಂತದ, ಅಂದರೆ ದಾಟಿದ್ದು ಮರಳಿ ಬರಲಾಗದ ಅಂಚಿನ, ಬಳಿ ಲೆಕ್ಕ ತಿರುವುಮುರುವಾಗುತ್ತದೆ. ಗೋಲಿಯ ಮೈ ಬಾಗಿರುವುದು ಬೆರಳಿಗೆ ತಕ್ಷಣ ಗೊತ್ತಾಗುತ್ತದೆ, ಭೂಮಿಯ ಮೈ ಬಾಗಿರುವುದು ನಡೆಯುವ ಕಾಲಿಗೆ ಗೊತ್ತಾಗುವುದಿಲ್ಲ. ಹಾಗೆಯೇ ಸಣ್ಣ ಕಪ್ಪುಕುಳಿಯ ಅಂಚಿನಲ್ಲಿ ವಕ್ರತೆ ತೀವ್ರ, ದೊಡ್ಡದರ ಅಂಚಿನಲ್ಲಿ ಸೌಮ್ಯ. ಅಂಚಿನಲ್ಲಿ ಗಾಸ್-ಬಾನೆ ಕೂಟದ ಬೆಲೆ ದ್ರವ್ಯರಾಶಿಯ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಅಂದರೆ ದ್ರವ್ಯರಾಶಿ ಎರಡು ಪಟ್ಟಾದರೆ ಅದರ ಬೆಲೆ ಹದಿನಾರರಲ್ಲೊಂದು ಪಾಲಿಗೆ ಇಳಿಯುತ್ತದೆ. ಐದು ಸೂರ್ಯರಷ್ಟು ತೂಗುವ, ಸುಮಾರು 30 ಕಿಲೋಮೀಟರ್ ವ್ಯಾಸದ, ಅಂದರೆ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಗೆರೆ ಎಳೆದಷ್ಟು ಅಗಲದ ಕಪ್ಪುಕುಳಿಯ ಅಂಚಿಗೆ ಹೋಲಿಸಿದರೆ, ಎಂ87ರದರ ಅಂಚಿನಲ್ಲಿ ಆ ಬೆಲೆ ಎಷ್ಟು ಕಡಿಮೆ ಎಂದು ಹೇಳಲು ಒಂದರ ಮುಂದೆ ಮೂವತ್ತಾರು ಸೊನ್ನೆ ಬೇಕಾಗುತ್ತದೆ. 2018ರ ಆ ಸಿದ್ಧಾಂತಗಳ ಪ್ರಕಾರ ಕೂದಲು ಮೂಡುವುದು ಸಣ್ಣ ಕಪ್ಪುಕುಳಿಗಳಲ್ಲಿ. ಅಚ್ಚಾದ ಚಿತ್ರ ಬೋಳಾಗಿಯೇ ಉಳಿಯುವ ಕಪ್ಪುಕುಳಿಯದು. ಗಿರಕಿಯೂ ಇಲ್ಲಿ ಪಾತ್ರ ವಹಿಸುತ್ತದೆ: ಬೆಸುಗೆಯ ಚಿಹ್ನೆ ವಿರುದ್ಧವಾಗಿದ್ದರೆ, ಗರಿಷ್ಠ ಮಿತಿಯ ಅರ್ಧಕ್ಕಿಂತ ಜೋರಾಗಿ ಗಿರಕಿ ಹೊಡೆಯುವ ಕಪ್ಪುಕುಳಿಯಲ್ಲಿ ಮಾತ್ರ ಅದಿಶ ಕ್ಷೇತ್ರ ಬೆಳೆಯುತ್ತದೆಂಬುದು 2020ರಲ್ಲಿ ತಿಳಿಯಿತು.

ಕೂದಲು ಇದ್ದರೆ ಕಾಣುವುದು ಹೇಗೆ? ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುವಾಗ ಗುರುತ್ವ ಅಲೆಗಳನ್ನು, ಅಂದರೆ ದೇಶಕಾಲದಲ್ಲಿ ಹರಡುವ ನಡುಕವನ್ನು, ಸೂಸಿ ಹತ್ತಿರವಾಗುತ್ತವೆ. ಅವುಗಳ ಅದಿಶ ಆವೇಶ, ಅಂದರೆ ಕೂದಲಿನ ಪ್ರಮಾಣ, ಅಸಮವಾಗಿದ್ದರೆ, ಗುರುತ್ವ ಅಲೆಯ ಜೊತೆಗೆ ಅದಿಶ ಅಲೆಯೂ ಹೊರಟು ಶಕ್ತಿ ಇನ್ನಷ್ಟು ಸೋರುತ್ತದೆ, ಕಕ್ಷೆ ಐನ್‌ಸ್ಟೈನ್ ಲೆಕ್ಕಕ್ಕಿಂತ ಬೇಗ ಕುಗ್ಗುತ್ತದೆ. ಸಣ್ಣ ವಸ್ತುಗಳ ಜೋಡಿ ಅಲೆ ಹಿಡಿಯುವ ಯಂತ್ರದಲ್ಲಿ ಹೆಚ್ಚು ಸುತ್ತುಗಳ ಕಾಲ ಕೇಳಿಸುವುದರಿಂದ ಈ ವ್ಯತ್ಯಾಸ ಅಲ್ಲಿ ಕೂಡುತ್ತಾ ಕೂಡುತ್ತಾ ಗೋಚರವಾಗಬೇಕು. 2023ರ ಮೇ 29ರಂದು ಹಿಡಿದ ಅಲೆ ಈ ಕಾರಣಕ್ಕೇ ಮುಖ್ಯವಾದದ್ದು. ಅದರಲ್ಲಿ ನ್ಯೂಟ್ರಾನ್ ನಕ್ಷತ್ರವೆಂದು ತೋರುವ ಒಂದು ವಸ್ತುವಿನೊಂದಿಗೆ ಕೂಡಿಕೊಂಡದ್ದು ಸೂರ್ಯನ ಎರಡೂವರೆಯಿಂದ ನಾಲ್ಕೂವರೆ ಪಟ್ಟು ತೂಕದ, ಬಹುಶಃ ಕಪ್ಪುಕುಳಿಯಾದ ವಸ್ತು. ಗಾಸ್-ಬಾನೆ ಬೆಸುಗೆಗೆ ಬಿಗಿಯಾದ ಮಿತಿ ಹಾಕಲು ಅದನ್ನು ಬಳಸಿಕೊಂಡಿದ್ದಾರೆ. ಕೂದಲಿನ ಗುರುತು ಅದರಲ್ಲೂ ಸಿಗಲಿಲ್ಲ. 2025ರ ಜನವರಿ 14ರಂದು ಬಹಳ ಸ್ಪಷ್ಟವಾಗಿ ಕೇಳಿಸಿದ ಇನ್ನೊಂದು ಅಲೆಯಲ್ಲಿ, ಕೂಡಿಕೊಂಡ ಮೇಲಿನ ಗಂಟೆಯ ಮಿಡಿತವೂ ಕೆರ್ ಹೇಳಿದ ಬೋಳು ಕಪ್ಪುಕುಳಿಗೇ ಹೊಂದಿತು. ಐನ್‌ಸ್ಟೈನ್ ಸಿದ್ಧಾಂತವನ್ನು ಸುಳ್ಳಾಗಿಸುವ ಒಂದೇ ಒಂದು ಅಲೆಯೂ ಇದುವರೆಗೆ ಸಿಕ್ಕಿಲ್ಲದಿರುವಾಗ ಅಂಥ ತಲೆಬರಹಕ್ಕೆ ಆಧಾರವೆಲ್ಲಿದೆ?

ಹಾಗೆಂದು ಈ ಸಂಶೋಧನೆ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಸೌರಮಂಡಲದಂಥ ಸೌಮ್ಯ ಗುರುತ್ವದಲ್ಲಿ ಐನ್‌ಸ್ಟೈನ್‌ಗೆ ಕೂದಲೆಳೆಯಷ್ಟೂ ಭಿನ್ನವಾಗದೆ, ತೀವ್ರ ವಕ್ರತೆಯಲ್ಲಿ ಮಾತ್ರ ಬೇರೆಯಾಗುವ ಸಿದ್ಧಾಂತ ಹೇಗಿರಬಹುದೆಂಬುದಕ್ಕೆ ಇದು ಅಚ್ಚುಕಟ್ಟಾದ ಮಾದರಿ. ಪರೀಕ್ಷೆ ಮಾಡುವವರ ಮುಂದೆ ಹೋಲಿಸಿ ನೋಡಲು ಇನ್ನೊಂದು ಸಾಧ್ಯತೆ ಇಲ್ಲದಿದ್ದರೆ, ಐನ್‌ಸ್ಟೈನ್ ಗೆದ್ದರೆಂಬ ಮಾತಿಗೂ ತೂಕವಿರುವುದಿಲ್ಲ. ತೊಡಕುಗಳೂ ಇವೆ. ಬಾಗಿದ ಕಡ್ಡಿ ಒಂದು ಹಂತಕ್ಕೆ ನಿಲ್ಲುವುದು ಅದರ ಬಿಗುವಿನಿಂದ. ಬೆಸುಗೆಯ ಅತಿ ಸರಳ ರೂಪದಲ್ಲಿ ಅಂಥ ಬಿಗುವು ಸಾಲದು, ಅಲ್ಲಿ ಕೂದಲು ಬೆಳೆಸಿಕೊಂಡ ಕಪ್ಪುಕುಳಿಯೂ ಅಸ್ಥಿರವೇ ಆಗಿಬಿಡುತ್ತದೆ, ಹಾಗಾಗಿ ಸಮೀಕರಣಕ್ಕೆ ಇನ್ನಷ್ಟು ಪದಗಳನ್ನು ಸೇರಿಸಬೇಕಾಗುತ್ತದೆ. ವಿಶ್ವದ ಆರಂಭಕಾಲದಲ್ಲಿ ಇದೇ ಅದಿಶ ಕ್ಷೇತ್ರ ಎಲ್ಲೆಡೆ ಹದ್ದುಮೀರಿ ಬೆಳೆಯದಂತೆ ತಡೆಯುವುದು ಹೇಗೆ ಎಂಬುದು ಇನ್ನೊಂದು ಪ್ರಶ್ನೆ. ಬೆಸುಗೆ ಬಲವಾಗಿದ್ದರೆ, ಎರಡು ಕಪ್ಪುಕುಳಿಗಳು ಡಿಕ್ಕಿಯಾಗುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವಾಗ ಸಮೀಕರಣಗಳು ಈಗಿನ ಸ್ಥಿತಿಯಿಂದ ಮುಂದಿನದನ್ನು ಹೇಳುವ ಗುಣವನ್ನೇ ಕಳೆದುಕೊಂಡು ಲೆಕ್ಕ ಮುಂದೆ ಸಾಗದೆ ನಿಲ್ಲುತ್ತದೆ. ದುರ್ಬಲ ಬೆಸುಗೆಯಲ್ಲಿ ಅದನ್ನು ಸರಿಪಡಿಸುವ ದಾರಿಯನ್ನು ಕೋವಾಚ್ ಮತ್ತು ರಿಯಲ್ 2020ರಲ್ಲಿ ತೋರಿಸಿದ್ದಾರೆ. ಇದೆಲ್ಲ ಲೇಖನಕ್ಕೆ ಅಗತ್ಯವಿರಲಿಲ್ಲ ಎಂದು ಒಪ್ಪುತ್ತೇನೆ. ಆದರೆ ಕೆಲಸ ಇನ್ನೂ ನಡೆಯುತ್ತಿದೆ ಎಂಬ ಒಂದು ವಾಕ್ಯಕ್ಕೆ ಜಾಗವಿತ್ತು.

ಈ ವಿಷಯದಲ್ಲಿ ಬರೆಯುವ ಮೊದಲು ಕೇಳಿ ತಿಳಿದುಕೊಳ್ಳಲು ದೂರ ಹೋಗಬೇಕಾಗಿಲ್ಲ. ಹೆಸರಘಟ್ಟದ ಕಡೆ ಇರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದಲ್ಲಿ ಗುರುತ್ವ ಅಲೆಗಳ ಮೇಲೆ ಕೆಲಸ ಮಾಡುವ ತಂಡವೇ ಇದೆ. ಜೋಡಿ ನಕ್ಷತ್ರಗಳು ಸೂಸುವ ಅಲೆಯ ಸೂಕ್ಷ್ಮ ಲೆಕ್ಕಗಳಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಪಾಲು ದೊಡ್ಡದು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ ಗುರುತ್ವ ಅಲೆ ಹಿಡಿಯುವ ಲೈಗೋ-ಇಂಡಿಯಾ ಯಂತ್ರ ಕಟ್ಟಲು 2023ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆತಿದೆ. ಇಂದು ಪಿಯುಸಿಯಲ್ಲಿರುವ ಮಕ್ಕಳೇ ನಾಳೆ ಅಲ್ಲಿ ಕೆಲಸಕ್ಕೆ ನಿಲ್ಲುವವರು.

ಆದ್ದರಿಂದ ಮುಂದಿನ ಭಾನುವಾರ ಅದೇ ಪುಟದಲ್ಲಿ, ಎದ್ದು ಕಾಣುವ ಜಾಗದಲ್ಲಿ, ಒಂದು ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ. ‘ಅಳತೆ ಕ್ಷೇತ್ರ’ ಎಂಬುದು ‘ಅದಿಶ ಕ್ಷೇತ್ರ’ ಎಂದಾಗಲಿ. ‘ಐನ್‌ಸ್ಟೈನ್ ಸಿದ್ಧಾಂತ ಸುಳ್ಳು’ ಎಂಬ ಸಾಲನ್ನು ಹಿಂತೆಗೆದುಕೊಳ್ಳಲಿ. ಚಿತ್ರವೊಂದು ಬೇಕೇ ಬೇಕೆಂದಾದರೆ, 2015ರ ಸೆಪ್ಟೆಂಬರ್ 14ರಂದು ಮೊತ್ತಮೊದಲು ಹಿಡಿದ ಗುರುತ್ವ ಅಲೆಯ ಗೆರೆಯನ್ನು ಅಚ್ಚು ಹಾಕಬಹುದು. ಆ ಗೆರೆ ಏರುತ್ತಾ ಏರುತ್ತಾ ಹೋಗಿ, ತುದಿ ಮುಟ್ಟಿದ ಮೇಲೆ ಒಂದೆರಡು ಸಲ ನಡುಗಿ ಸಪಾಟಾಗುತ್ತದೆ. ವಿಶ್ವೇಶ್ವರ ಅವರು 1970ರಲ್ಲಿ ಲೆಕ್ಕ ಹಾಕಿದ್ದು ಕೊನೆಯ ಆ ನಡುಕವನ್ನೇ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತವಿಜ್ಞಾನ ಉಪನ್ಯಾಸಕಿ
ಹನುಮಂತನಗರ, ಬೆಂಗಳೂರು